ಹತ್ತು ಮನೆಯ ಹತ್ತಿ

ಹಯಾತ್ ಎಂದರೆ ಬದುಕು ಎಂದರ್ಥವಂತೆ. ಹೆಸರಿಟ್ಟ ತಂದೆಯ ಮನಸ್ಸಿನಲ್ಲಿ ಏನಿತ್ತೋ, ಪಿಂಜಾರ ಹಯಾತ್ ಸಾಬ್ ಮಾತ್ರ ಆ ಬದುಕು ಎಲ್ಲಿ ಕೈಜಾರಿ ಹೋದೀತೋ ಎಂದು ಹೆದರುವುದರಲ್ಲೇ ನಲವತ್ತೈದು ವರ್ಷ ಕಳೆದಿದ್ದ. ರೈಲ್ವೆ ಗೇಟು ತೆರೆದಿದ್ದರೂ ಎರಡೂ ಕಡೆ ನೋಡಿ, ಗೇಟಿನವನನ್ನು ಒಂದು ಮಾತು ಕೇಳಿ, ಆಮೇಲೆ ದಾಟುವ ಆಸಾಮಿ. ಗೂಳಿ ಕಂಡರೆ ಓಣಿ ಬದಲಿಸುತ್ತಿದ್ದ. ಪೊಲೀಸಿನವರು ಕಂಡರೆ ತಪ್ಪೇನೂ ಮಾಡದಿದ್ದರೂ ಸಲಾಮು ಹೊಡೆಯುತ್ತಿದ್ದ. "ನಮ್ಮನಿಯವ್ರಿಗೆ ಹಗ್ಗ ಕಂಡ್ರೂ ಹಾವು, ಹಾವು ಕಂಡ್ರೂ ಹಾವು" ಎಂದು ಅವನ ಹೆಂಡತಿ ಹಜೀರಾಬೀ ಬೀದಿ ನಲ್ಲಿಯ ಬಳಿ ನಾಲ್ಕು ಜನರೆದುರಿಗೇ ಹೇಳುವಳು. ಅವನು ಕೇಳಿಸಿಕೊಂಡೂ ಸುಮ್ಮನಿರುತ್ತಿದ್ದ. ಹೆಂಡತಿಗೆ ಎದುರುತ್ತರ ಕೊಡುವುದೂ ಅವನ ಹೆದರಿಕೆಗಳ ಪಟ್ಟಿಯಲ್ಲಿತ್ತು.

ಇಂಥವನಿಗೆ ದಾವಣಗೆರೆ ಹೇಳಿ ಮಾಡಿಸಿದ ಊರು. ಒಮ್ಮೆ ಭಾವಮೈದುನ ಜಮಾಲುದ್ದೀನನ ಮಾತು ಕಟ್ಟಿಕೊಂಡು ಬೊಂಬಾಯಿಗೆ ಹೋಗಿ ಹದಿನೇಳು ದಿನ ಇದ್ದು ಬಂದಿದ್ದ. ಅಲ್ಲಿ ಹತ್ತಿ ಬಡಿಯುವ ಬಿಲ್ಲನ್ನು ಎಷ್ಟು ಮಿಡಿದರೂ ಟ್ರಾಮಿನ ಗದ್ದಲದಲ್ಲಿ ಅವನ ಕಿವಿಗೇ ಕೇಳಿಸುತ್ತಿರಲಿಲ್ಲ. ಹದಿನೇಳು ದಿನದಲ್ಲಿ ಒಬ್ಬನೇ ಒಬ್ಬ ಅವನ ಹೆಸರು ಕೇಳಲಿಲ್ಲ. "ಅಲ್ಲಿ ಸತ್ತಿದ್ರೆ ಯಾರ ಹೆಣ ಅಂತ ಹೇಳೋರೂ ಇರ್ಲಿಲ್ಲ" ಎಂದು ಹದಿನೆಂಟನೆಯ ದಿನ ರೈಲು ಹತ್ತಿದವನು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಇಲ್ಲಾದರೋ, ಬೆಳಿಗ್ಗೆ ಹತ್ತಿ ಗಿರಣಿಯ ಸೈರನ್ನು ಕೂಗಿದ ಮೇಲೆ ಬಿಲ್ಲನ್ನು ಹೆಗಲಿಗೇರಿಸಿ ಡಂಯ್ ಎನಿಸಿದರೆ ಸಾಕು, ಚೌಕಿಪೇಟೆಯ ಆ ತುದಿಯ ಹೆಂಗಸು "ಹಯಾತ್ ಸಾಬ್, ಇತ್ತ ಬಾರಪ್ಪಾ" ಎನ್ನುತ್ತಿದ್ದಳು. ಯಾರ ಮನೆಯ ಹಾಸಿಗೆ ಯಾವ ಮದುವೆಯದು, ಯಾವ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಹಾಸಿಗೆ ಹೊಲಿಸಿಕೊಂಡರು, ಯಾರ ಅಜ್ಜ ದಿಂಬಿನೊಳಗೆ ನಶ್ಯದ ಡಬ್ಬಿ ಬಚ್ಚಿಡುತ್ತಾನೆ, ಎಲ್ಲ ಅವನಿಗೆ ಗೊತ್ತು. ಗೊತ್ತಿದ್ದದ್ದನ್ನು ಇನ್ನೊಂದು ಮನೆಯಲ್ಲಿ ಆಡುತ್ತಿರಲಿಲ್ಲ. ಊರು ಅವನನ್ನು ಬಲ್ಲದು, ಅವನು ಊರನ್ನು ಬಲ್ಲ. ಅವನಿಗಿದ್ದ ಅಲ್ಪಸ್ವಲ್ಪ ಧೈರ್ಯವೆಲ್ಲ ಅದೇ.

ಹಯಾತ್ ಸಾಬನ ತಾತನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಹಳೆಯ ಹಾಸಿಗೆ ಬಿಚ್ಚಿ ಹತ್ತಿ ಬಡಿದಾಗ ಪ್ರತಿ ಮನೆಯಿಂದಲೂ ಒಂದು ಹಿಡಿ ಹತ್ತಿ ಪಿಂಜಾರನದು. ಅದನ್ನು ಮಾರುವಂತಿಲ್ಲ. ಹತ್ತು ಮನೆಯ ಹಿಡಿ ಕೂಡಿದ ಮೇಲೆ ಅಂಗೈ ಅಗಲದ ದಿಂಬು ಹೊಲಿದು, ಆಗ ಯಾರ ಮನೆಯಲ್ಲಿ ಕೂಸು ಹುಟ್ಟಿದೆಯೋ ಅವರಿಗೆ ಕೊಡಬೇಕು. ಹತ್ತು ಮನೆಯ ಹತ್ತಿಯ ಮೇಲೆ ಮಲಗಿದ ಕೂಸು ಯಾವ ಮನೆಯದೆಂದು ಸಾವಿಗೆ ಗುರುತು ಹತ್ತುವುದಿಲ್ಲ, ಬಂದ ದಾರಿಗೆ ಸುಂಕವಿಲ್ಲವೆಂದು ಹೋಗಿಬಿಡುತ್ತದೆ ಎಂಬ ನಂಬಿಕೆ. ಮುಸಲ್ಮಾನರು, ಲಿಂಗಾಯತರು ಎನ್ನದೆ ಬಾಣಂತಿಯರ ತಾಯಂದಿರು ಬಂದು ಕೇಳಿಕೊಂಡು ಹೋಗುತ್ತಿದ್ದರು.

ಅವನ ಎದುರು ಮನೆಯ ಏಕಾಂತಪ್ಪ ಗಿರಣಿಯಲ್ಲಿ ನೂಲು ತೆಗೆಯುವ ಕೆಲಸಗಾರ. ಅವನಿಗೂ ಹೆಂಡತಿ ಉಡಚಮ್ಮನಿಗೂ ಎರಡು ಕೂಸು ಹುಟ್ಟಿ ಎರಡೂ ವರ್ಷ ತುಂಬುವುದರೊಳಗೆ ಹೋಗಿದ್ದವು. ಒಂದನ್ನು ಮಣ್ಣಿಗೆ ಕೊಟ್ಟ ದಿನ ಹಯಾತ್ ಸಾಬನೇ ಹಾರೆ ಹಿಡಿದಿದ್ದ. ಈಗ ಹರಿಹರದ ತವರಿನಲ್ಲಿ ಉಡಚಮ್ಮ ಮೂರನೆಯದನ್ನು ಹೆತ್ತಿದ್ದಳು, ಹೆಣ್ಣು. ಗುರುವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಏಕಾಂತಪ್ಪ ಒಂದು ವಾರದಿಂದ ಗಿರಣಿಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಕೇಳುತ್ತಿದ್ದ: "ಹಯಾತಣ್ಣ, ಹತ್ತು ಮನಿ ಆತೇನು?"

"ಒಂಬತ್ತಾಗೈತೆ. ಇನ್ನೊಂದು ಮನಿ ಸಿಗ್ಲಿ ತಡಿ" ಎನ್ನುತ್ತಿದ್ದ ಇವನು.

ಹತ್ತನೆಯ ಮನೆ ಮಂಗಳವಾರ ಸಿಕ್ಕಿತು. ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿಯಿದ್ದ ಕೊಟ್ಟೂರಪ್ಪನ ಹೆಂಡತಿ ಕಮಲಕ್ಕ ಅವನನ್ನು ಹಿತ್ತಲ ಬಾಗಿಲಿಂದ ಕರೆದಳು. ಬಿಸಿಲಿಗೆ ಹಾಕಿದ್ದ ಒಂದು ಹಾಸಿಗೆ ತೋರಿಸಿ, ದನಿ ತಗ್ಗಿಸಿ ಹೇಳಿದಳು: "ಅಮ್ಮ ಬಂದಿದ್ಲಪ್ಪ. ಹದಿನೆಂಟು ದಿನ ಇದರ ಮ್ಯಾಲೇ. ಸೋಮವಾರ ಹೋದ್ಲು. ಬಿಚ್ಚಿ ಬಡಿದು ಹೊಸದಾಗಿ ತುಂಬಿಕೊಡು. ನನ್ನ ಮದುವಿ ಹಾಸಿಗೆ, ಒಗಿಯೋಕೆ ಮನಸಿಲ್ಲ."

ಕಮಲಕ್ಕನ ತಾಯಿ ರಾಣೆಬೆನ್ನೂರಿನಿಂದ ವರ್ಷಕ್ಕೆರಡು ಸಲ ಬಂದು ಹೋಗುವ ಮುದುಕಿ. ಹಯಾತ್ ಸಾಬ್ ಆಕೆಯ ದಿಂಬಿಗೆ ಬೂರುಗದ ಹತ್ತಿ ತುಂಬಿಕೊಟ್ಟಿದ್ದುಂಟು. ಮುದುಕಿ ಬಂದಿದ್ದಳು, ಹೋದಳು, ತಪ್ಪೇನು? ಹಿತ್ತಲಲ್ಲಿ ಕೂತು ಸಂಜೆಯವರೆಗೆ ಬಿಲ್ಲು ಮಿಡಿದ. ಹತ್ತಿ ಮೋಡದ ಹಾಗೆ ಎದ್ದು ಅವನ ಹುಬ್ಬು, ಮೀಸೆ, ಮೂಗಿಗೆಲ್ಲ ಅಂಟಿತು. ಹೋಗುವಾಗ ಒಂದು ಹಿಡಿ ಮಡಿಲಿಗೆ ಹಾಕಿಕೊಂಡ. ಬುಧವಾರ ಹಜೀರಾಬೀ ದಿಂಬು ಹೊಲಿದಳು, ಏಕಾಂತಪ್ಪ ಅದನ್ನು ಎದೆಗೊತ್ತಿಕೊಂಡು ಒಯ್ದ. ಗುರುವಾರ ಬೆಳಗಿನ ರೈಲಿಗೆ ಹರಿಹರಕ್ಕೆ ಹೊರಟೂ ಹೋದ.

ಅದೇ ಗುರುವಾರ ಹತ್ತು ಗಂಟೆಗೆ ಹಯಾತ್ ಸಾಬ್ ಹಾಸಿಗೆಗೆ ಕೊನೆಯ ಟಾಕು ಹಾಕಲು ಕಮಲಕ್ಕನ ಹಿತ್ತಲಿಗೆ ಬಂದ. ಬಂದವನು ಸುಮ್ಮನೆ ಸೂಜಿಗೆ ದಾರ ಪೋಣಿಸಬಾರದೆ? ನಮ್ಮೂರಿನವರಿಗೆ ಒಂದು ಮಾತು ವಿಚಾರಿಸದೆ ಕೆಲಸಕ್ಕೆ ಕೂತರೆ ಕೈ ಓಡುವುದಿಲ್ಲ.

"ಅಮ್ಮಾರು ಊರು ಮುಟ್ಟಿದ್ರೇನವ್ವಾ? ಕಾಗದ ಬಂತಾ?"

"ಯಾವ ಅಮ್ಮಾರು?"

"ನಿಮ್ಮ ತಾಯಿಯವ್ರು. ಸೋಮವಾರ ಹೋದ್ರು ಅಂದ್ರಲ್ಲ."

ಕಮಲಕ್ಕ ಅವನ ಮುಖವನ್ನೇ ನೋಡಿದಳು. "ನಮ್ಮವ್ವ ದೀಪಾವಳಿಗೆ ಬಂದು ಹೋದೋಳು. ನಾನು ಹೇಳಿದ್ದು..." ಎಂದವಳು ಮುಂದೆ ಆಡದೆ ಎರಡೂ ಕೈ ಎತ್ತಿ ಕೆನ್ನೆಗೆ ಹಾಕಿಕೊಂಡಳು. ಅಷ್ಟರಲ್ಲಿ ಒಳಬಾಗಿಲಿಗೆ ಅವಳ ಎಂಟು ವರ್ಷದ ಮಗಳು ಬಂದು ನಿಂತಳು. ಹುಡುಗಿಯ ಹಣೆ, ಕೆನ್ನೆ, ಮೂಗಿನ ಮೇಲೆಲ್ಲ ಹಕ್ಕಳೆ ಉದುರಿದ ಗುಂಡಿಗಳು ಇನ್ನೂ ಕೆಂಪಗಿದ್ದವು.

ಸಿಡುಬು. ಆ ಹೆಸರನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಹೆಸರು ಹಿಡಿದರೆ ತಿರುಗಿ ಬರುತ್ತಾಳೆಂದು ಅಮ್ಮ ಎನ್ನುತ್ತಾರೆ. ಕಮಲಕ್ಕ ಹೇಳಿದ್ದು ಆ ಅಮ್ಮನ ಮಾತು, ಹಯಾತ್ ಸಾಬ್ ಕೇಳಿಸಿಕೊಂಡದ್ದು ಅವಳ ತಾಯಿಯ ಮಾತು. ಅಂಗಡಿಗೆ ಗಿರಾಕಿ ತಪ್ಪೀತೆಂದು ಗಂಡ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಗೊಡದೆ ಮುಚ್ಚಿಟ್ಟಿದ್ದನೆಂದು ಅವಳು ಅಳುತ್ತಾ ಹೇಳಿದಳು. "ಒಂದು ದಿನ ಪೂರ್ತಿ ಬಿಸಿಲಿಗೆ ಹಾಕಿದ್ದೆ ಸಾಬ್ರೇ, ಏನೂ ಆಗಾಕಿಲ್ಲ ಅಲ್ಲಾ? ಯಾರಿಗೂ ಹೇಳಬ್ಯಾಡ್ರಿ" ಎಂದಳು. ಅವನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಹನ್ನೆರಡು ದಿನದ ಕೂಸಿನ ಕೆನ್ನೆ ಇಷ್ಟು ಹೊತ್ತಿಗೆ ಆ ದಿಂಬಿನ ಮೇಲಿರುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

ಮನೆಗೆ ಓಡಿ ಬಂದು ಹೆಂಡತಿಗೆ ಹೇಳಿದ. ಹಜೀರಾಬೀ ಗಟ್ಟಿ ಹೆಂಗಸು. ಆದರೂ ಅವಳ ಮುಖ ಬಿಳಿಚಿಕೊಂಡಿತು. ಅವಳಿಗೆ ಚಿಕ್ಕಂದಿನಲ್ಲೇ ತೋಳು ಗೀರಿಸಿ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿದ್ದರು, ತನ್ನ ಚಿಂತೆ ಅವಳಿಗಿರಲಿಲ್ಲ. ನಿಧಾನವಾಗಿ ಹೇಳಿದಳು: "ಹೋಗಿ ದಿಂಬು ತಗೊಂಡು ಬಾ. ಆದ್ರೆ ನಿಜ ಹೇಳಬ್ಯಾಡ. ಸೂಜಿ ಒಳಗೇ ಉಳಿದೈತೆ ಅನ್ನು. ಪಿಂಜಾರನ ಹತ್ತಿಯಾಗೆ ಅಮ್ಮ ಅವಳೆ ಅಂತ ಒಂದು ಸಲ ಊರಾಗೆ ಎದ್ರೆ, ನಾವು ಮಣ್ಣು ತಿನ್ನಬೇಕು. ಗಡಿಗಿ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಾಕಾಗಲ್ಲ."

ಅದೂ ನಿಜವೇ. ಊರು ತನ್ನನ್ನು ಬಲ್ಲದು ಎಂಬ ಧೈರ್ಯ ಆ ಗಳಿಗೆಯಲ್ಲಿ ತಿರುಗಿ ನಿಂತು ಅವನ ಕತ್ತು ಹಿಡಿಯಿತು. ಬೊಂಬಾಯಿಯಲ್ಲಾದರೆ ಇನ್ನೊಂದು ಬೀದಿಗೆ ಹೋಗಿ ಬಿಲ್ಲು ಮಿಡಿಯಬಹುದಿತ್ತು. ಇಲ್ಲಿ ಇನ್ನೊಂದು ಬೀದಿಗೂ ಅವನು ಅದೇ ಹಯಾತ್ ಸಾಬ್. ಹರಿಹರದ ಬಸ್ಸಿನಲ್ಲಿ ಕಿಟಕಿಯ ಸರಳು ಬಿಗಿಹಿಡಿದು ಕೂತವನಿಗೆ ಇನ್ನೊಂದು ಯೋಚನೆಯೂ ಬಂತು, ಬಂದದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟ. ಏಕಾಂತಪ್ಪನ ಎರಡು ಕೂಸು ಹೋಗಿವೆ. ಮೂರನೆಯದೂ ಹೋದರೆ ಜನ ಹಣೆಬರಹ ಎನ್ನುತ್ತಾರೆ, ದಿಂಬು ಎನ್ನುವುದಿಲ್ಲ.

ಹರಿಹರದಲ್ಲಿ ಉಡಚಮ್ಮನ ತಂದೆ ಹಾಲೇಶಪ್ಪನ ಮನೆ ಗುಡಿಯ ಹಿಂದಿನ ಓಣಿಯಲ್ಲಿ, ಹೊಳೆಗೆ ಹತ್ತಿರ. ಹಯಾತ್ ಸಾಬ್ ಹೋದಾಗ ತೊಟ್ಟಿಲಿನ ಹಾಡು ಮುಗಿದು ಪಂಕ್ತಿ ಕೂತಿತ್ತು. ನಡುಮನೆಯ ತೊಟ್ಟಿಲಲ್ಲಿ ಕೂಸು ಮಲಗಿತ್ತು. ಬಾಯಿ ಅರ್ಧ ತೆರೆದು, ಬಲಗೆನ್ನೆಯನ್ನು ಆ ದಿಂಬಿಗೇ ಒತ್ತಿಕೊಂಡು ನಿದ್ದೆ ಮಾಡುತ್ತಿತ್ತು.

"ಸೂಜಿ!" ಎಂದ. "ದಿಂಬಿನಾಗೆ ಸೂಜಿ ಉಳಿದೈತೆ."

ಉಡಚಮ್ಮ ಚೀರಿ ಕೂಸನ್ನು ಎತ್ತಿಕೊಂಡಳು. ಹಾಲೇಶಪ್ಪ ದಿಂಬನ್ನು ಕೈಗೆ ತೆಗೆದುಕೊಂಡು ಸೂಜಿ ಎಲ್ಲಿದೆಯೆಂದು ಹಿಚುಕಿ ಹಿಚುಕಿ ನೋಡತೊಡಗಿದ. "ಮುಟ್ಟಬ್ಯಾಡ್ರಿ!" ಎಂದು ಹಯಾತ್ ಸಾಬ್ ಅದನ್ನು ಕಿತ್ತುಕೊಂಡ ರಭಸಕ್ಕೆ ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಶುರುವಾಯಿತು ಹೊಗಳಿಕೆ. ಒಂದು ಸೂಜಿಗೋಸ್ಕರ ಕೆಲಸ ಬಿಟ್ಟು ದಾವಣಗೆರೆಯಿಂದ ಓಡಿಬಂದನಲ್ಲ, ಎಂಥ ಮನುಷ್ಯ, ಈಗಿನ ಕಾಲದಲ್ಲಿ ಇಂಥವರು ಎಲ್ಲಿದ್ದಾರೆ! ಹಾಲೇಶಪ್ಪ ಅವನ ಬೆನ್ನು ತಟ್ಟಿದ. ಎಲೆ ಹಾಕಿಸುತ್ತೇನೆ, ಉಂಡು ಹೋಗು ಎಂದ. ಕಪಾಳಕ್ಕೆ ಹೊಡೆದಿದ್ದರೆ ಹಯಾತ್ ಸಾಬ್ ತಡೆದುಕೊಳ್ಳುತ್ತಿದ್ದನೇನೋ, ಆ ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಬಿದ್ದ.

ಹೊಳೆಯ ದಂಡೆಗೆ ಬಂದು ದಿಂಬನ್ನು ನೀರಿಗೆ ಎಸೆಯಲು ಕೈ ಎತ್ತಿದ. ಕೆಳಗಡೆ ಹೆಂಗಸರು ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದರು. ಕೈ ಇಳಿಸಿದ. ಮೆಟ್ಟಿಲ ಮೇಲೆ ಕುಸಿದು ಕೂತ.

ದಿಂಬು ಬಂತು, ಸರಿ. ಆದರೆ ಬೆಳಗಿನಿಂದ ಕೂಸು ಅದರ ಮೇಲೆ ಉಸಿರಾಡಿದೆಯಲ್ಲ? ಬೇಗ ದೇವಿ ಹಾಕಿಸಿದರೆ ಉಳಿದೀತೆಂದು ಅವನು ಕೇಳಿ ಬಲ್ಲ. ಸೂಜಿ ಇತ್ತೆಂದು ಹೇಳಿದರೆ ಯಾರು ದೇವಿ ಹಾಕಿಸುತ್ತಾರೆ? ನಿಜ ಹೇಳಬೇಕು. ನಿಜ ಹೇಳಿದರೆ ಏಕಾಂತಪ್ಪ ಕೊಂದೇ ಹಾಕುತ್ತಾನೆ. ಕೊಲ್ಲದಿದ್ದರೆ ಊರು ಕೊಲ್ಲುತ್ತದೆ. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ದಾವಣಗೆರೆಯ ಬಸ್ಸು ಹಾರ್ನು ಹೊಡೆಯಿತು. ಹಯಾತ್ ಸಾಬ್ ಎದ್ದು ನಿಂತು ಪಂಚೆಯ ಧೂಳು ಕೊಡವಿಕೊಂಡ.

"ಹಯಾತಣ್ಣಾ! ಏ ಹಯಾತಣ್ಣಾ!"

ಏಕಾಂತಪ್ಪ ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದ. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಹೋಳಿಗೆಯ ಗಂಟು. "ಕೂಸಿನ ಶಾಸ್ತ್ರದ ದಿನ ಉಣ್ಣದೆ ಹೋದ್ರೆ ಹೆಂಗೆ? ತಗೋ. ಹಜೀರಕ್ಕಗೂ ಎರಡು ಇಟ್ಟೈತೆ" ಎಂದು ನಗುತ್ತಾ ಮುಂದೆ ಹಿಡಿದ.

ಹಯಾತ್ ಸಾಬ್ ಆ ಗಂಟನ್ನು ನೋಡಿದ, ಏಕಾಂತಪ್ಪನ ಮುಖ ನೋಡಿದ. ಗಟ್ಟಿಯಾಗಿ ಅಳತೊಡಗಿದ. ಅಳುತ್ತಲೇ ಎಲ್ಲವನ್ನೂ ಹೇಳಿದ.

ಏಕಾಂತಪ್ಪನ ಕೈಯಿಂದ ಗಂಟು ಜಾರಿ ಮೆಟ್ಟಿಲ ಮೇಲೆ ಬಿತ್ತು. ಇವನ ಅಂಗಿಯ ಎದೆಪಟ್ಟಿ ಹಿಡಿದು ಎತ್ತಿದ. "ಎರಡು ಹೋದ್ವು. ನಿಂಗೆ ಗೊತ್ತಿತ್ತಲ್ಲ? ನೀನೇ ಮಣ್ಣು ಎಳೆದ್ಯಲ್ಲ?" ಅಷ್ಟೇ ಕೇಳಿದ್ದು. ಇವನನ್ನು ಬಿಟ್ಟು ಮೆಟ್ಟಿಲು ಹತ್ತಿ ಓಡಿದ. ಹಯಾತ್ ಸಾಬನೂ ದಿಂಬು ಅವುಚಿಕೊಂಡು ಹಿಂದೆ ಓಡಿದ. ಚಿಕ್ಕ ಊರಿನ ಪುಣ್ಯ ನೋಡಿ: ದೇವಿ ಹಾಕುವವನು ಎಲ್ಲಿ ಸಿಕ್ಕಾನೆಂದು ಎಲೆ ಅಡಿಕೆ ಅಂಗಡಿಯ ಓಬಕ್ಕನನ್ನು ಕೇಳಿದರೆ, ಅವಳು ಬಿಸಿಲು ನೋಡಿ ಹೇಳಿದಳು, "ತಿಪ್ಪೇರುದ್ರಪ್ಪ ಈ ಹೊತ್ತಿನಾಗೆ ಸ್ಟೇಷನ್ ಮುಂದೆ ಮಕ್ತುಮ್ ಸಾಬನ ಹೋಟ್ಲಿನಾಗೆ ಇರ್ತಾನೆ, ಎರಡನೇ ಚಾ ಕುಡಿಯೋ ಹೊತ್ತು." ತಿಪ್ಪೇರುದ್ರಪ್ಪ ಅಲ್ಲೇ ಇದ್ದ. ಎರಡನೆಯ ಚಹಾವನ್ನು ಅರ್ಧಕ್ಕೇ ಬಿಟ್ಟು ಪೆಟ್ಟಿಗೆ ಎತ್ತಿಕೊಂಡ.

ಮನೆಯಲ್ಲಿ ವಿಷಯ ತಿಳಿದಾಗ ಬೆನ್ನು ತಟ್ಟಿದ್ದ ಅದೇ ಹಾಲೇಶಪ್ಪ ಬಡಿಗೆ ಎತ್ತಿಕೊಂಡು ಬಂದ. ಹಯಾತ್ ಸಾಬ್ ಗೋಡೆಗೆ ಅಂಟಿ ಕಣ್ಣು ಮುಚ್ಚಿದ. ಆಗ ಕೇಳಿಸಿದ್ದು ಉಡಚಮ್ಮನ ದನಿ. ನಡುಗುತ್ತಿತ್ತು, ಆದರೆ ಗಟ್ಟಿಯಾಗಿತ್ತು: "ಮೊದ್ಲು ಕೂಸಿಗೆ ಹಾಕ್ಲಿ. ಆಮ್ಯಾಲೆ ಹೊಡಿಯೋರು ಹೊಡೀರಿ."

ತಿಪ್ಪೇರುದ್ರಪ್ಪ ಕೂಸಿನ ತೋಳು ಗೀರಿದ, ತಾಯಿಯದು ಗೀರಿದ, ಉಣ್ಣಲು ಬಂದವರನ್ನೂ ಬಿಡಲಿಲ್ಲ. ದಿಂಬನ್ನು ಬಚ್ಚಲೊಲೆಗೆ ಹಾಕಿಸಿದ. ಆಮೇಲೆ, "ಹತ್ತಿ ಬಡಿದೋನು ಯಾರು?" ಎಂದ.

"ನಾನು."

"ದಿನಪೂರ್ತಿ ಅದರ ಧೂಳು ಕುಡಿದೀಯ. ನಿಂಗೆ ದೇವಿ ಹಾಕಿದ್ದು ಯಾವಾಗ?"

ಹಯಾತ್ ಸಾಬ್ ಕಲೆಯಿಲ್ಲದ ತನ್ನ ತೋಳು ನೋಡಿಕೊಂಡ. ದೇವಿ ಹಾಕುವವರು ಓಣಿಗೆ ಬಂದಾಗಲೆಲ್ಲ ಆ ಚಕ್ರದಂಥ ಚಾಕುವಿಗೆ ಹೆದರಿ ಹತ್ತಿಯ ರಾಶಿಯೊಳಗೆ ಅಡಗಿ ಕೂತವನು ಅವನು. ಜಗತ್ತಿನಲ್ಲಿರುವುದಕ್ಕೆಲ್ಲ ಹೆದರಿದ ಮನುಷ್ಯ ಎರಡು ದಿನದ ಕೆಳಗೆ ತನ್ನ ಮೂಗಿನೊಳಗೇ ಹೋದದ್ದನ್ನು ಅಷ್ಟು ಹೊತ್ತೂ ನೆನೆಸಿರಲಿಲ್ಲ. ಈಗ ನೆನೆದ. ತೋಳು ಚಾಚಿದ.

ಬಸ್ಸಿಗಿಂತ ಮೊದಲೇ ಸುದ್ದಿ ದಾವಣಗೆರೆ ಮುಟ್ಟಿತ್ತು. ತಿಪ್ಪೇರುದ್ರಪ್ಪನ ಚೀಟಿಯ ಮೇಲೆ ಮುನಿಸಿಪಾಲಿಟಿಯವರು ಕಮಲಕ್ಕನ ಹಾಸಿಗೆ ಸುಟ್ಟು ಇಡೀ ಓಣಿಗೆ ದೇವಿ ಹಾಕಿದರು. ಕೊಟ್ಟೂರಪ್ಪ ಹಯಾತ್ ಸಾಬನ ಏಳು ತಲೆಮಾರು ಎಣಿಸಿ ಬೈದ. ಹಿಂದಿನ ವರ್ಷ ಹೊಲಿದ ಹಾಸಿಗೆಗಳನ್ನೂ ಜನ ಬೀದಿಗೆಸೆದರು. ಹಯಾತ್ ಸಾಬ್ ಬಿಲ್ಲು ಹೊರಗೆ ತೆಗೆಯಲೇ ಇಲ್ಲ. ಏಕಾಂತಪ್ಪನ ಮನೆಗೆ ಬೀಗ. ಅವನು ಹರಿಹರದಲ್ಲೇ ಉಳಿದಿದ್ದ. ಹಯಾತ್ ಸಾಬ್ ಕಿಟಕಿಯ ಸಂದಿನಿಂದ ಆ ಬೀಗ ನೋಡುತ್ತಾ ದಿನ ಎಣಿಸಿದ. ಒಂಬತ್ತನೆಯ ದಿನ ನಲ್ಲಿಯ ಬಳಿ ಯಾರೋ, ಕೂಸು ಹೋಯಿತಂತೆ ಎಂದರು. ಇನ್ಯಾರೋ, ಇಲ್ಲ, ತಾಯಿಯಂತೆ ಎಂದರು. ಹೋಗಿ ಕೇಳಿ ಬರುತ್ತೇನೆಂದ ಹಜೀರಾಬೀಯನ್ನು ಇವನೇ ಸೆರಗು ಹಿಡಿದು ನಿಲ್ಲಿಸಿದ. ನಿಜವಾಗಿದ್ದರೆ ಕೇಳಿಸಿಕೊಳ್ಳುವ ಎದೆ ಅವನಿಗಿರಲಿಲ್ಲ.

ಮರುದಿನ ಅವನಿಗೆ ಜ್ವರ. ಹನ್ನೆರಡನೆಯ ದಿನ ಹಣೆಯಲ್ಲಿ ನಾಲ್ಕು, ಮುಂಗೈಯಲ್ಲಿ ಐದಾರು ಗುಳ್ಳೆ. ಹಯಾತ್ ಸಾಬ್ ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಬೇವಿನ ಸೊಪ್ಪು ಮುರಿದು ತಂದ.

"ಬಾಗಿಲಿಗೆ ಕಟ್ಟಬ್ಯಾಡ" ಎಂದು ಹಜೀರಾಬೀ ಕೈ ಹಿಡಿದಳು. "ಊರು ಬಿಡಿಸ್ತಾರೆ."

"ಬಿಡಿಸ್ಲಿ" ಎಂದ. ಹೆಂಡತಿಗೆ ಅವನು ಕೊಟ್ಟ ಮೊದಲ ಎದುರುತ್ತರ. ಕಟ್ಟುವಾಗ ಎರಡು ಸಲ ಸೊಪ್ಪು ಕೆಳಗೆ ಬಿತ್ತು, ಎರಡು ಸಲವೂ ಎತ್ತಿ ಕಟ್ಟಿದ.

ಹದಿನಾರನೆಯ ದಿನ, ಮಧ್ಯಾಹ್ನ, ಎದುರು ಮನೆಯ ಬೀಗ ತೆಗೆದ ಸದ್ದಾಯಿತು. ಆಮೇಲೆ ಹೆಜ್ಜೆ ಇತ್ತ ಬಂದವು. ಏಕಾಂತಪ್ಪ ಹೊಸ್ತಿಲಲ್ಲಿ ನಿಂತ.

"ಒಳಗೆ ಬರಬ್ಯಾಡ!" ಎಂದು ಚಾಪೆಯ ಮೇಲಿಂದ ಹಯಾತ್ ಸಾಬ್ ಕೂಗಿದ. ಗುಳ್ಳೆ ಬಾಡಿ ಹಕ್ಕಳೆ ಕಟ್ಟಿದ್ದವು, ಜ್ವರ ಇಳಿದಿತ್ತು. ಕೂಸಿನ ಸುದ್ದಿ ಏನಿದೆಯೋ ಎಂದು ಏಕಾಂತಪ್ಪನ ಮುಖ ನೋಡಲು ಹೆದರಿ ಗೋಡೆಯ ಕಡೆ ತಿರುಗಿದ.

"ಕೂಸಿನ ತೋಳಿಗೆ ಎದ್ದೈತೆ" ಎಂದ ಏಕಾಂತಪ್ಪ. "ಮೂರು ದಿನ ಅತ್ತು ಓಣಿ ಎತ್ತಿಬಿಡ್ತು. ಈಗ ಹಾಲು ಕುಡೀತೈತೆ. ಇನ್ನು ಭಯ ಇಲ್ಲ ಅಂದ ತಿಪ್ಪೇರುದ್ರಪ್ಪ."

ಹಯಾತ್ ಸಾಬನ ಬೆನ್ನು ಅಲುಗತೊಡಗಿತು. ಏಕಾಂತಪ್ಪ ಹೊಸ್ತಿಲ ಮೇಲೆಯೇ ಕೂತ, ಓಣಿಯವರೆಲ್ಲ ನೋಡುವ ಹಾಗೆ. "ನೀನು ಹೇಳದೆ ಹೋಗಿದ್ರೆ ನಮಗೇನು ತಿಳೀತಿತ್ತು ಹಯಾತಣ್ಣ. ಊರ ಮಂದಿ ಏನಾರ ಅನ್ಲಿ. ನೀನು ಧೈರ್ಯ ಮಾಡಿದೆ."

ಇನ್ನೊಬ್ಬನಾಗಿದ್ದರೆ ಆ ಮಾತನ್ನು ಸುಮ್ಮನೆ ತೆಗೆದಿಟ್ಟುಕೊಳ್ಳುತ್ತಿದ್ದ. ಹಯಾತ್ ಸಾಬ್ ಈ ಕಡೆ ಹೊರಳಿದ.

"ಇಲ್ಲ ಏಕಾಂತಪ್ಪ. ನಾನು ಹೇಳಾಕೆ ಅಂತ ಕೂತಿರ್ಲಿಲ್ಲ. ಬಸ್ಸು ಹಾರ್ನ್ ಹೊಡೀತು, ಎದ್ದಿದ್ದೆ. ಹೋಗಿಬಿಡ್ತಿದ್ದೆ. ನೀನು ಹೋಳಿಗೆ ಹಿಡ್ಕೊಂಡು ಬಂದೆ. ಅದಕ್ಕೇ ಬಾಯಿ ಬಿಟ್ಟೆ."

ಏಕಾಂತಪ್ಪನ ಮುಂಗೈಯ ಕೂದಲು ನಿಮಿರಿದವು. ಆಮೇಲೆ ತಗ್ಗಿದ ದನಿಯಲ್ಲಿ, ತನಗೆ ತಾನೇ ಹೇಳಿಕೊಳ್ಳುವವನಂತೆ ಹೇಳಿದ: "ನಾನು ಅವತ್ತು ನಿನ್ನ ಹಿಂದೆ ಬರ್ತಿರ್ಲಿಲ್ಲ. ಎಲಿ ಮುಂದೆ ಕೂತಿದ್ದೆ. ಸಾಬ್ರು ಉಣ್ಣದೆ ಹೋದ್ರು, ಮೊದ್ಲು ಕೊಟ್ಟು ಬಾ ಅಂತ ಎಬ್ಬಿಸಿ ಕಳಿಸಿದೋಳು ಉಡಚಮ್ಮ."